ಮೂರನೇ ಕ್ವಾರ್ಟರ್‌ನಲ್ಲಿ ನಮ್ಮ ಹುಡುಗರಿಗೆ ಏನಾಯಿತು?

ಓದುಗರ ಪ್ರಶ್ನೆ, ಕ್ರೀಡಾ ವಿಭಾಗದ ಉತ್ತರ

ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಫೈನಲ್‌ನಲ್ಲಿ ಬಾಗಲಕೋಟೆಯ ತಂಡವೊಂದು ಬೆಳಗಾವಿಯ ಬಲಿಷ್ಠ ತಂಡಕ್ಕೆ 51–79ರಿಂದ ಸೋತಿದೆ. ಕ್ವಾರ್ಟರ್‌ವಾರು ಅಂಕಗಳು 14–18, 15–17, 8–26, 14–18. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಸೋಲಿನ ಸಂಕಟದವೇ. ಕಾಲೇಜುಗಳ ಮತ್ತು ಆಟಗಾರರ ಹೆಸರುಗಳನ್ನು ಬಿಟ್ಟಿದ್ದೇವೆ.

ಗ್ಯಾಲರಿಯಲ್ಲಿ ಕೂತು ಎರಡೂ ತಂಡಗಳ ಲೆಕ್ಕ ಬರೆದುಕೊಂಡಿದ್ದೇನೆ. ನಾವು 58 ಶಾಟ್ ಹೊಡೆದೆವು, ಬಿದ್ದದ್ದು 19, ಅದರಲ್ಲಿ ತ್ರೀ ಪಾಯಿಂಟರ್ 4. ಅವರು 72 ಹೊಡೆದು 31 ಹಾಕಿದರು, ತ್ರೀ ಪಾಯಿಂಟರ್ 6. ಫ್ರೀ ಥ್ರೋ (ಫೌಲ್‌ಗೆ ಸಿಗುವ ಒಂದಂಕದ ಎಸೆತ) ನಮ್ಮದು 14ಕ್ಕೆ 9, ಅವರದು 18ಕ್ಕೆ 11. ಚೆಂಡು ಕಳೆದುಕೊಂಡದ್ದು ನಾವು 19 ಸಲ, ಅವರು 11 ಸಲ. ತಮ್ಮದೇ ತಪ್ಪಿದ ಶಾಟಿನ ರೀಬೌಂಡ್ (ಪುಟಿದ ಚೆಂಡನ್ನು ಮತ್ತೆ ಹಿಡಿದದ್ದು) ನಮಗೆ 7, ಅವರಿಗೆ 15. ಹಾಸ್ಟೆಲ್‌ನಲ್ಲಿ ಎಲ್ಲರೂ ನಾಲ್ಕು ಫ್ರೀ ಥ್ರೋ ತಪ್ಪಿಸಿದ ಒಬ್ಬನನ್ನೇ ಬೈಯುತ್ತಿದ್ದಾರೆ. ಸೋಲಿಗೆ ಅವನೇ ಕಾರಣವೇ?
– ಓದುಗ, ನವನಗರ, ಬಾಗಲಕೋಟೆ

ಅಲ್ಲ. ಇಡೀ ತಂಡ ತಪ್ಪಿಸಿದ ಐದು ಫ್ರೀ ಥ್ರೋಗಳೂ ಬಿದ್ದಿದ್ದರೆ ಅಂಕ 56–79 ಆಗುತ್ತಿತ್ತು. ಆ ಹುಡುಗನನ್ನು ಬೈಯುವವರ ಮುಂದೆ ಮೊದಲು ಇದೊಂದು ಲೆಕ್ಕ ಇಡಿ.

ನಿಮ್ಮ ನೋಟ್‌ಬುಕ್ಕಿನಲ್ಲಿ ಉತ್ತರ ಬೇರೆ ಕಡೆ ಇದೆ. ಮೊದಲು ಎಣಿಕೆ ಸರಿಯಿದೆಯೇ ನೋಡೋಣ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಚೆಂಡು ಸರದಿಯ ಮೇಲೆ ಕೈ ಬದಲಾಗುತ್ತದೆ; ಒಂದು ತಂಡಕ್ಕೆ ಚೆಂಡು ಸಿಕ್ಕಾಗಿನಿಂದ ಅದು ಎದುರಾಳಿಗೆ ಹೋಗುವವರೆಗೆ ಒಂದು ಸರದಿ. ಆದ್ದರಿಂದ ಎರಡೂ ತಂಡಗಳ ಸರದಿ ಹೆಚ್ಚುಕಡಿಮೆ ಸಮ ಬರಲೇಬೇಕು. ಸರದಿಯ ಸೂತ್ರ ಹೀಗಿದೆ: ಹೊಡೆದ ಶಾಟ್‌ಗಳಿಂದ ತಮ್ಮದೇ ತಪ್ಪಿನ ರೀಬೌಂಡ್ ಕಳೆಯಿರಿ, ಕಳೆದುಕೊಂಡ ಚೆಂಡುಗಳನ್ನು ಕೂಡಿಸಿ, ಫ್ರೀ ಥ್ರೋ ಸಂಖ್ಯೆಯ 0.44 ಪಾಲು ಕೂಡಿಸಿ. ಶಾಟ್ ಬಿದ್ದ ಮೇಲೆ ಸಿಗುವ ಒಂಟಿ ಫ್ರೀ ಥ್ರೋದಂಥವು ಹೊಸ ಸರದಿಯನ್ನು ತಿನ್ನುವುದಿಲ್ಲ. ಅದಕ್ಕೇ ಎರಡು ಎಸೆತಕ್ಕೆ ಒಂದು ಸರದಿ ಎಂಬ ಅರ್ಧದ ಲೆಕ್ಕದ ಬದಲು 0.44. ನಿಮ್ಮ ತಂಡಕ್ಕೆ 58 − 7 + 19 + 6 = 76. ಅವರಿಗೆ 72 − 15 + 11 + 8 = 76. ಎರಡೂ ಒಂದೇ ಬಂತು, ಅಂದರೆ ನಿಮ್ಮ ಎಣಿಕೆ ನಂಬುವಂಥದ್ದು.

ಈಗ ಮುಖ್ಯ ವಿಷಯ. ಸರದಿ ಸಮ ಇದ್ದರೂ ಅವರು 14 ಶಾಟ್ ಹೆಚ್ಚು ಹೊಡೆದರು. ನೀವು ಎಂಟು ಚೆಂಡು ಹೆಚ್ಚು ಕಳೆದುಕೊಂಡಿರಿ, ಅವರು ಎಂಟು ರೀಬೌಂಡ್ ಹೆಚ್ಚು ಹಿಡಿದರು. ಒಟ್ಟು 16 ಅವಕಾಶ. ಅದರಲ್ಲಿ ಎರಡರಷ್ಟು ಅವರ ಹೆಚ್ಚಿನ ಫ್ರೀ ಥ್ರೋಗಳಿಗೆ ಹೋಯಿತು, ಉಳಿದದ್ದು 14. ಒಂದೊಂದು ಶಾಟಿಗೆ ಅವರು ಸರಾಸರಿ 0.94 ಅಂಕ ಗಳಿಸಿದ್ದಾರೆ. ಹಾಗಾಗಿ 28 ಅಂಕಗಳ ಅಂತರದಲ್ಲಿ ಸುಮಾರು 13 ಅಂಕ ಈ ಹೆಚ್ಚುವರಿ ಶಾಟ್‌ಗಳಿಂದಲೇ ಬಂದದ್ದು. ಮಿಕ್ಕದ್ದರಲ್ಲಿ ಬಹುಪಾಲು ಗುರಿಯ ವ್ಯತ್ಯಾಸ. ಒಂದು ತ್ರೀ ಪಾಯಿಂಟರನ್ನು ಒಂದೂವರೆ ಶಾಟ್ ಎಂದು ಎಣಿಸಿದರೆ ನಿಮ್ಮದು ಶೇ 36, ಅವರದು ಶೇ 47.

ಇನ್ನು ಮುಂದೆ ಎಣಿಸುವವರಿಗೂ ಹೇಳಬೇಕಾದ್ದಿದೆ. ಅಧಿಕೃತ ಸ್ಕೋರ್‌ಶೀಟ್‌ನಲ್ಲಿ ಅಂಕ, ಫೌಲ್ ಮತ್ತು ಟೈಮ್‌ಔಟ್ ಇರುತ್ತವೆ. ತಪ್ಪಿದ ಶಾಟ್, ಕಳೆದ ಚೆಂಡು ಅಲ್ಲಿ ಸಿಗುವುದಿಲ್ಲ. ಮೂವರು ಗೆಳೆಯರು ಕೂಡಿ ಮಾಡಿದರೆ ಸುಲಭ. ಒಬ್ಬರು ಅಂಗಳದ ನಕ್ಷೆ ಬರೆದು ಶಾಟ್ ಹೊಡೆದ ಜಾಗದಲ್ಲಿ ಬಿದ್ದರೆ ಸೊನ್ನೆ, ತಪ್ಪಿದರೆ ಕತ್ತರಿ ಗುರುತು ಹಾಕಲಿ. ಇನ್ನೊಬ್ಬರು ರೀಬೌಂಡ್ ನೋಡಲಿ, ಮೂರನೆಯವರು ಕಳೆದ ಚೆಂಡನ್ನು ನೋಡಲಿ. ಸಾಮಾನ್ಯವಾಗಿ ಎರಡು ಕಡೆ ತಪ್ಪಾಗುತ್ತದೆ. ಶಾಟ್ ಹೊಡೆಯುವಾಗ ಫೌಲ್ ಆಗಿ ಚೆಂಡು ಬೀಳದಿದ್ದರೆ ಅದನ್ನು ಶಾಟ್ ಎಂದು ಎಣಿಸಬಾರದು, ಅದು ಫ್ರೀ ಥ್ರೋ ಖಾತೆಗೆ ಹೋಗುತ್ತದೆ. ಬ್ಲಾಕ್ ಆದ ಶಾಟನ್ನು ಮಾತ್ರ ಎಣಿಸಲೇಬೇಕು.

ಮೊದಲರ್ಧ ಮುಗದಾಗ ಬರೀ ಆರು ಪಾಯಿಂಟ್ ಹಿಂದಿದ್ವಿ. ಆಮ್ಯಾಲೆ ನೋಡಿದ್ರ ಚೆಂಡು ಅರ್ಧ ಅಂಗಳಾನೂ ದಾಟಲಿಲ್ಲ. ಅವರು ಎಲ್ಲಾ ಕಡೆಯಿಂದ ಬಂದು ಮುತ್ತಿಗಿ ಹಾಕಿದ್ರು. 19ರಾಗ 9 ಚೆಂಡು ಅದ ಹೊತ್ತಿನ್ಯಾಗ ಹೋದ್ವು. ನಮ್ಮ ಹುಡುಗರು ಹೆದರಿದ್ರೇನ್ರಿ?
– ಓದುಗ, ಮುಧೋಳ

ಹೆದರಿಕೆ ಅನ್ನುವುದಕ್ಕಿಂತ ದಣಿವು ಮತ್ತು ತಾಲೀಮಿನ ಕೊರತೆ ಎನ್ನಬೇಕು. ನಿಮ್ಮ ಐವರಲ್ಲಿ ನಾಲ್ವರು ಮೊದಲರ್ಧದ 20 ನಿಮಿಷವನ್ನೂ ಬಿಡುವಿಲ್ಲದೆ ಆಡಿದರು ಎಂದು ನೀವೇ ಪತ್ರದಲ್ಲಿ ಬರೆದಿದ್ದೀರಿ. ಎದುರಾಳಿ ಹತ್ತು ಜನರನ್ನು ತಿರುಗಿಸಿ ತಿರುಗಿಸಿ ಇಳಿಸಿದರು. ಬೆಂಚು ಗಟ್ಟಿ ಇರುವ ತಂಡ ಹೊಸ ಕಾಲುಗಳನ್ನು ಇಟ್ಟುಕೊಂಡು ಎರಡನೇ ಅರ್ಧದಲ್ಲಿ ಫುಲ್ ಕೋರ್ಟ್ ಪ್ರೆಸ್, ಅಂದರೆ ಅಂಗಳದುದ್ದಕ್ಕೂ ಒತ್ತಡದ ಮುತ್ತಿಗೆ ಹಾಕುವುದು ರೂಢಿ.

ನೀವು ವರ್ಣಿಸಿದ್ದು 1-2-1-1 ಪ್ರೆಸ್. ಬುಟ್ಟಿ ಬಿದ್ದ ಕೂಡಲೇ ಒಬ್ಬ ಉದ್ದನೆಯ ಹುಡುಗ ಚೆಂಡು ಒಳಹಾಕುವವನ ಎದುರು ಕೈ ಎತ್ತಿ ನಿಲ್ಲುತ್ತಾನೆ. ಚೆಂಡು ಬೇಕೆಂದೇ ಮೂಲೆಗೆ ಹೋಗುವಂತೆ ಮಾಡುತ್ತಾರೆ. ಮೂಲೆಯಲ್ಲಿ ಹಿಡಿದವನಿಗೆ ಎರಡು ಗೆರೆಗಳೇ ಇಬ್ಬರು ಕಾವಲುಗಾರರಿದ್ದಂತೆ, ಅದರ ಮೇಲೆ ಮತ್ತಿಬ್ಬರು ಬಂದು ಮುಚ್ಚುತ್ತಾರೆ. ಅವನು ಗಾಬರಿಯಲ್ಲಿ ತಲೆ ಮೇಲಿಂದ ಉದ್ದ ಪಾಸ್ ಎಸೆಯುತ್ತಾನೆ. ಆ ಪಾಸಿಗಾಗಿಯೇ ಉಳಿದವರು ಕಾದಿರುತ್ತಾರೆ.

ಇದನ್ನು ಒಡೆಯುವ ಕೆಲಸ ಚೆಂಡು ಒಳಹಾಕುವುದರಿಂದಲೇ ಶುರು. ಚೆಂಡು ಮುನ್ನಡೆಸುವ ನಿಮ್ಮ ಪಾಯಿಂಟ್ ಗಾರ್ಡ್ ಒಳಹಾಕಬಾರದು, ಅವನು ಚೆಂಡು ಪಡೆಯಬೇಕಾದವನು. ಎತ್ತರವಿರುವ, ತಲೆ ತಣ್ಣಗಿರುವ ಒಬ್ಬನನ್ನು ಇದಕ್ಕೆಂದೇ ನೇಮಿಸಿ. ಅವನು ಬಲೆಯಿಂದ ಬೀಳುವ ಚೆಂಡನ್ನು ನೆಲ ಮುಟ್ಟುವ ಮೊದಲೇ ಹಿಡಿದು, ಗೆರೆಯಾಚೆ ಹೋಗಿ, ಎದುರಾಳಿ ಜಾಗ ಹಿಡಿಯುವುದರೊಳಗೆ ಹಾಕಬೇಕು. ಅವನಿಗೆ ಸಿಗುವುದು ಐದು ಸೆಕೆಂಡ್. ಬುಟ್ಟಿ ಬಿದ್ದ ಮೇಲಾದರೆ ಹಿಂಬದಿ ಗೆರೆಯುದ್ದಕ್ಕೂ ಓಡಾಡಿ ಹಾಕಬಹುದು, ಗೆರೆಯಾಚೆಯೇ ನಿಂತ ಗೆಳೆಯನಿಗೂ ಕೊಡಬಹುದು. ಫೌಲ್ ಆದಾಗ ಅಥವಾ ಚೆಂಡು ಹೊರಹೋದಾಗ ಈ ಸ್ವಾತಂತ್ರ್ಯ ಇಲ್ಲ, ರೆಫರಿ ತೋರಿಸಿದ ಜಾಗದಿಂದಲೇ ಹಾಕಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆ ಓಡಿ ಚೆಂಡು ಕಳೆದುಕೊಳ್ಳುವುದು ಕಾಲೇಜು ಪಂದ್ಯಗಳಲ್ಲಿ ಆಗಾಗ ಆಗುವ ತಪ್ಪು.

ಹಿಡಿಯುವವನು ಮೂಲೆ ಬಿಟ್ಟು ಫ್ರೀ ಥ್ರೋ ಗೆರೆಯ ತುದಿಯ ಹತ್ತಿರ ಬಂದು ಹಿಡಿಯಲಿ. ಹಿಡಿದ ತಕ್ಷಣ ಡ್ರಿಬಲ್ ಮಾಡದೆ ಮೊದಲು ಮುಂದಕ್ಕೆ ತಿರುಗಿ ನೋಡಲಿ. ಅವನ ಕಣ್ಣಿಗೆ ಮೂರು ದಾರಿ ಕಾಣಬೇಕು: ಅಂಗಳದ ನಟ್ಟನಡುವೆ ಒಬ್ಬ, ಅದೇ ಬದಿಯ ಗೆರೆಯ ಮುಂದೆ ಒಬ್ಬ, ಹಿಂದೆ ಆಸರೆಯಾಗಿ ಒಬ್ಬ. ನಡುವಿನವನ ಕೈಗೆ ಚೆಂಡು ಸೇರಿತೆಂದರೆ ಪ್ರೆಸ್ ಒಡೆದಂತೆಯೇ. ಆಗ ಅವರಲ್ಲಿ ಮೂವರು ಚೆಂಡಿನ ಹಿಂದೆ ಉಳಿದಿರುತ್ತಾರೆ, ಮುಂದೆ ನಿಮ್ಮ ಮೂವರ ಎದುರು ಅವರ ಇಬ್ಬರೇ ಸಿಗುತ್ತಾರೆ. ಅರ್ಧ ಅಂಗಳ ದಾಟಲು ಎಂಟು ಸೆಕೆಂಡ್ ಇರುತ್ತದೆ, ಶಾಟ್ ಹೊಡೆಯಲು ಇರುವ 24 ಸೆಕೆಂಡಿನ ಗಡಿಯಾರ 16ರ ಹತ್ತಿರ ಬಂತೆಂದರೆ ಹೊತ್ತು ಮುಗಿಯಿತು.

ತಾಲೀಮಿಗೆ ಐವರ ಎದುರು ಏಳು ಜನರನ್ನು ನಿಲ್ಲಿಸಿ. ಮೊದಲ ಹತ್ತು ಸಲ ಡ್ರಿಬಲ್ ಬೇಡ, ಪಾಸ್ ಮಾತ್ರ. ಹತ್ತರಲ್ಲಿ ಏಳು ಸಲ ಸುರಕ್ಷಿತವಾಗಿ ದಾಟಿದ ಮೇಲೆ ಡ್ರಿಬಲ್‌ಗೆ ಬಿಡಿ. ಇದನ್ನು ತಾಲೀಮಿನ ಕೊನೆಯ ಹದಿನೈದು ನಿಮಿಷಕ್ಕೆ ಇಟ್ಟುಕೊಳ್ಳಿ. ಪಂದ್ಯದಲ್ಲಿ ಪ್ರೆಸ್ ಬರುವುದೂ ಕಾಲು ಸೋತಾಗಲೇ.

ಎದುರಾಳಿ ಸತತ 12 ಅಂಕ ಗಳಿಸುವವರೆಗೂ ಕೋಚ್ ಟೈಮ್‌ಔಟ್ ತೆಗೆದುಕೊಳ್ಳಲಿಲ್ಲ. ಗ್ಯಾಲರಿಯಿಂದ ಎಷ್ಟು ಕೂಗಿದರೂ ಕೇಳಲಿಲ್ಲ. ಮೊದಲರ್ಧದ್ದು ಒಂದು ಉಳಿದಿತ್ತಲ್ಲ?
– ಓದುಗ, ಜಮಖಂಡಿ

ಮೊದಲರ್ಧದ್ದು ಮುಂದಕ್ಕೆ ಬರುವುದಿಲ್ಲ. ಮೊದಲರ್ಧಕ್ಕೆ ಎರಡು, ಎರಡನೇ ಅರ್ಧಕ್ಕೆ ಮೂರು, ಬಳಸದೆ ಉಳಿದದ್ದು ಅಲ್ಲಿಗೇ ಮುಗಿಯುತ್ತದೆ. ನಾಲ್ಕನೇ ಕ್ವಾರ್ಟರ್‌ನ ಕೊನೆಯ ಎರಡು ನಿಮಿಷದಲ್ಲಿ ಎರಡಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಮೂರರಲ್ಲಿ ಒಂದನ್ನು ಮೂರನೇ ಕ್ವಾರ್ಟರ್‌ನಲ್ಲಿ ಖರ್ಚು ಮಾಡಿದರೆ ನಷ್ಟವಿಲ್ಲ. ಎದುರಾಳಿ ಸತತ ಆರು ಅಂಕ ಗಳಿಸಿದಾಗಲೇ ಕೇಳಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ, ಈ ವಿಷಯದಲ್ಲಿ ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಕೇಳಿದ ಕ್ಷಣಕ್ಕೇ ಅದು ಸಿಗುವುದಿಲ್ಲ. ಕೋಚ್ ಸ್ಕೋರರ್ ಮೇಜಿಗೆ ಹೇಳಿದ ಮೇಲೆ ಆಟ ನಿಲ್ಲಬೇಕು, ಇಲ್ಲವೇ ಎದುರಾಳಿ ಬುಟ್ಟಿ ಹಾಕಬೇಕು. ಸಿಕ್ಕ ಒಂದು ನಿಮಿಷದಲ್ಲಿ ಬೈಗುಳ ಬೇಡ, ಯಾರು ಒಳಹಾಕಬೇಕು, ಯಾರು ನಡುವೆ ನಿಲ್ಲಬೇಕು ಎಂಬ ಎರಡು ಮಾತು ಸಾಕು.

ನಮ್ಮ ಮೇಲೆ 24 ಫೌಲ್, ಅವರ ಮೇಲೆ 15. ರೆಫರಿಗಳ ಮೇಲೆ ದೂರು ಕೊಡಬಹುದೇ?
– ಓದುಗ, ರಬಕವಿ

ಫೌಲ್ ಹೌದೋ ಅಲ್ಲವೋ ಎಂಬ ತೀರ್ಮಾನದ ಮೇಲೆ ಪ್ರತಿಭಟನೆ ನಿಲ್ಲುವುದಿಲ್ಲ. ಅಂಕ ಬರೆಯುವಲ್ಲಿ ಅಥವಾ ಗಡಿಯಾರ ನಡೆಸುವಲ್ಲಿ ತಪ್ಪಾಗಿ, ಅದನ್ನು ತಿದ್ದದೆ ಬಿಟ್ಟಿದ್ದರೆ ಕೊಡಬಹುದು. ಅದಕ್ಕೂ ಪಂದ್ಯ ಮುಗಿದ ಕೂಡಲೇ ನಾಯಕ ಸ್ಕೋರ್‌ಶೀಟ್‌ನ ಪ್ರತಿಭಟನೆಯ ಜಾಗದಲ್ಲಿ ಸಹಿ ಹಾಕಿರಬೇಕು. ಫೌಲ್ ಹೆಚ್ಚಾದದ್ದಕ್ಕೆ ಕಾರಣವನ್ನು ಕಾಲಿನಲ್ಲಿ ಹುಡುಕಿ: ದಣಿದ ಕಾಲು ಪಕ್ಕಕ್ಕೆ ಸರಿಯುವುದಿಲ್ಲ, ಆಗ ಕೈ ಚಾಚುತ್ತದೆ. ಒಂದು ಕ್ವಾರ್ಟರ್‌ನಲ್ಲಿ ತಂಡದ ನಾಲ್ಕು ಫೌಲ್ ಮುಗಿದ ಮೇಲೆ ಐದನೆಯದರಿಂದ ಎದುರಾಳಿಗೆ ಎರಡು ಫ್ರೀ ಥ್ರೋ. ಗ್ಯಾಲರಿಯಲ್ಲಿ ಕೂತವರೂ ಈ ಎಣಿಕೆ ಇಟ್ಟುಕೊಂಡರೆ ಆಟ ಹೆಚ್ಚು ಅರ್ಥವಾಗುತ್ತದೆ.

ಗೆದ್ದ ತಂಡದ ಅಭಿಮಾನಿ ನಾನು. ಅವರ ಹುಡುಗ ಫ್ರೀ ಥ್ರೋ ಎಸೆಯುವಾಗ ನಮ್ಮವರು ಅವನ ಹೆಸರು ಹಿಡಿದು ಅಣಕಿಸಿದರು. ಇದು ನಿಯಮದೊಳಗಿನದೇ?
– ಓದುಗ, ಟಿಳಕವಾಡಿ, ಬೆಳಗಾವಿ

ಅಂಗಳದಲ್ಲಿರುವ ಎದುರಾಳಿಗಳು ಎಸೆಯುವವನ ಗಮನ ಕೆಡಿಸಬಾರದು, ಕೆಡಿಸಿದಾಗ ಎಸೆತ ತಪ್ಪಿದರೆ ಮತ್ತೊಂದು ಸಿಗುತ್ತದೆ. ಪ್ರೇಕ್ಷಕರಿಗೆ ಆ ನಿಯಮ ತಟ್ಟುವುದಿಲ್ಲ. ನಿಮ್ಮ ತಂಡದ ಹೆಸರು ಕೂಗಿ, ಡೊಳ್ಳು ಬಾರಿಸಿ. ಹೆಸರು ಹಿಡಿದು ಹೀಯಾಳಿಸುವುದು ಬೇಡ. ಆ ಹುಡುಗನೂ ನಿಮ್ಮ ಹುಡುಗರಂತೆಯೇ ಬೆಳಿಗ್ಗೆ ಐದಕ್ಕೆ ಎದ್ದು ತಾಲೀಮು ಮಾಡಿ, ಆಮೇಲೆ ಕ್ಲಾಸಿಗೆ ಹೋಗುವವನು.

ನಮ್ಮ ಕಾಲೇಜಿನಲ್ಲಿಯೂ ಸಿಮೆಂಟ್ ಅಂಗಳವೇ. ಒಳಾಂಗಣದ ಮರದ ನೆಲಕ್ಕೆ ಹೋದರೆ ನಮ್ಮ ತ್ರೀ ಪಾಯಿಂಟರ್‌ಗಳೂ ಬೀಳುವುದಿಲ್ಲ. ಬಾಗಲಕೋಟೆಯವರಿಗೂ 19ಕ್ಕೆ ನಾಲ್ಕೇ ಬಿದ್ದವಂತೆ. ಏಕೆ?
– ದೈಹಿಕ ಶಿಕ್ಷಕರು, ಇಂಡಿ

ಒಂದು ಟೇಪು ಹಿಡಿದು ಅಂಗಳಕ್ಕೆ ಹೋಗಿ, ಸರ್. ರಿಂಗಿನ ಮಧ್ಯದ ನೇರ ಕೆಳಗಿನ ಬಿಂದುವಿನಿಂದ ತ್ರೀ ಪಾಯಿಂಟ್ ಗೆರೆಯವರೆಗೆ ಅಳೆಯಿರಿ. 6.75 ಮೀಟರ್ ಇರಬೇಕು. 2010ಕ್ಕೆ ಮೊದಲು ಅದು 6.25 ಇತ್ತು, ಹಳೆಯ ಗೆರೆಯ ಮೇಲೆಯೇ ಮತ್ತೆ ಬಣ್ಣ ಬಳಿದ ಅಂಗಳಗಳಿವೆ. ಅಲ್ಲಿ ಪಳಗಿದ ಹುಡುಗನ ಶಾಟ್ ಹೊಸ ಗೆರೆಯಿಂದ ಗಿಡ್ಡ ಬಂದು ರಿಂಗಿನ ಮುಂದಂಚಿಗೆ ಬಡಿಯುತ್ತದೆ. ತಪ್ಪಿದ ಶಾಟ್‌ಗಳು ಮುಂದಂಚಿಗೇ ಬಡಿಯುತ್ತಿದ್ದರೆ ಮೊದಲು ಗೆರೆಯನ್ನು ಅನುಮಾನಿಸಿ.

ಆಮೇಲೆ ರಿಂಗ್. ಮೇಲಂಚು ನೆಲದಿಂದ 3.05 ಮೀಟರ್ ಇರಬೇಕು. ಹುಡುಗರು ಜೋತುಬಿದ್ದು ಮುಂದಕ್ಕೆ ಬಾಗಿರುತ್ತದೆ, ಇಲ್ಲವೇ ಸಿಮೆಂಟ್ ಮತ್ತೊಮ್ಮೆ ಹಾಕಿಸಿದಾಗ ನೆಲವೇ ಮೇಲೆದ್ದಿರುತ್ತದೆ. ಮುಂದೆ ಮತ್ತು ಎರಡೂ ಬದಿ, ಮೂರು ಕಡೆ ಅಳೆಯಿರಿ. ಫ್ರೀ ಥ್ರೋ ಗೆರೆಗೆ ಬೋರ್ಡಿನ ಮುಖದಿಂದ ತೂಗುಗುಂಡು ಇಳಿಬಿಟ್ಟು ಅಲ್ಲಿಂದ ಗೆರೆಯ ಆಚೆಯಂಚಿಗೆ 4.6 ಮೀಟರ್.

ಚೆಂಡು ಹುಡುಗರಿಗೆ 7ನೇ ಅಳತೆ, ಹುಡುಗಿಯರಿಗೆ 6ನೇದು. 1.8 ಮೀಟರ್ ಎತ್ತರದಿಂದ ಬಿಟ್ಟರೆ ಅದರ ತಳ ಸುಮಾರು ಒಂದು ಮೀಟರ್ ಪುಟಿಯಬೇಕು. ಬೋರ್ಡ್ ಕಬ್ಬಿಣದ ತಗಡಿನದಾಗಿದ್ದರೆ ಚೆಂಡು ಸತ್ತಂತೆ ಬೀಳುತ್ತದೆ. ಗಾಜಿನ ಬೋರ್ಡಿನಲ್ಲಿ ಅದೇ ಎಸೆತ ದೂರ ಚಿಮ್ಮುತ್ತದೆ, ಬುಟ್ಟಿಯ ಹತ್ತಿರದಿಂದ ಹಾಕುವ ಲೇ-ಅಪ್‌ಗಳೂ ತಪ್ಪುತ್ತವೆ. ಪಂದ್ಯಕ್ಕೆ ಮೊದಲು ಎರಡು ದಿನವಾದರೂ ಒಳಾಂಗಣ ಸಿಗುವಂತೆ ನೋಡಿಕೊಳ್ಳಿ. ಮರದ ನೆಲದಲ್ಲಿ ಶೂಗಳ ಧೂಳು ಜಾರಿಸುತ್ತದೆ, ಬೆಂಚಿನ ಬಳಿ ಒಂದು ಒದ್ದೆ ಬಟ್ಟೆ ಇರಲಿ. ಏಪ್ರಿಲ್, ಮೇನಲ್ಲಿ ವಿಜಯಪುರದ ಕಡೆ ಬಿಸಿಲು 40 ಡಿಗ್ರಿ ದಾಟುವುದರಿಂದ ಬೆಳಿಗ್ಗೆ ಎಂಟರೊಳಗೆ ತಾಲೀಮು ಮುಗಿಸಿ.

ಮೂರು ವಾರಕ್ಕೆ ಮತ್ತೆ ಅದೇ ತಂಡದ ಎದುರು ಆಡಬೇಕು. ಏನಾದರೂ ಆಸೆ ಇದೆಯೇ?
– ಓದುಗಿ, ವಿದ್ಯಾಗಿರಿ, ಬಾಗಲಕೋಟೆ

ಮೂರು ವಾರದಲ್ಲಿ ಎತ್ತರ ಬೆಳೆಯುವುದಿಲ್ಲ, ಗುರಿಯೂ ಅಷ್ಟು ಸುಧಾರಿಸುವುದಿಲ್ಲ. ಆದರೆ ಆ 14 ಶಾಟ್‌ಗಳ ಅಂತರವನ್ನು ಅರ್ಧಕ್ಕೆ ಇಳಿಸಬಹುದು. ನಿಮ್ಮವರು 2-3 ಝೋನ್ (ಆಟಗಾರನನ್ನಲ್ಲ, ಜಾಗವನ್ನು ಕಾಯುವ ರಕ್ಷಣೆ) ಆಡಿದ್ದರಿಂದ ಶಾಟ್ ಹೋದಾಗ ಯಾರು ಯಾರನ್ನು ತಡೆಯಬೇಕೆಂಬುದು ತಿಳಿಯದೆ ಎಲ್ಲರೂ ಚೆಂಡನ್ನೇ ನೋಡುತ್ತ ನಿಂತರು. ಶಾಟ್ ಹೋದ ಕೂಡಲೇ ಹತ್ತಿರದ ಎದುರಾಳಿಯ ಎದೆಗೆ ಬೆನ್ನು ಕೊಟ್ಟು, ಮೊಣಕಾಲು ಬಗ್ಗಿಸಿ, ಎರಡು ಎಣಿಸುವಷ್ಟು ಹೊತ್ತು ತಡೆದು ಆಮೇಲೆ ಚೆಂಡಿಗೆ ಹೋಗಬೇಕು. ದಿನಕ್ಕೆ ಹತ್ತು ನಿಮಿಷ ಇದಕ್ಕೇ ಕೊಡಲಿ.

ಎರಡನೆಯದು ಆಟದ ವೇಗ. ಬಲಿಷ್ಠ ತಂಡದ ಎದುರು ಸರದಿ ಕಡಿಮೆ ಇದ್ದಷ್ಟೂ ದುರ್ಬಲ ತಂಡಕ್ಕೆ ಅನುಕೂಲ, 76ರ ಬದಲು 62 ಸರದಿಯಾದರೆ ಅವರ ಬಲ ತೋರಲು ಅಷ್ಟು ಅವಕಾಶ ಕಡಿಮೆ. ಸುಲಭದ ಲೇ-ಅಪ್ ಸಿಗದಿದ್ದರೆ 24ರ ಗಡಿಯಾರ 10ಕ್ಕೆ ಇಳಿಯುವವರೆಗೆ ಚೆಂಡು ತಿರುಗಿಸಲಿ. ಕನಿಷ್ಠ ಎಂಟು ಜನ ಆಡಲಿ, ಮೊದಲರ್ಧದಲ್ಲಿ ಯಾರೂ 15 ನಿಮಿಷ ದಾಟುವುದು ಬೇಡ. ಆ ನಾಲ್ಕು ಫ್ರೀ ಥ್ರೋ ತಪ್ಪಿಸಿದ ಹುಡುಗ ಅಂಗಳದ ಉದ್ದಕ್ಕೆ ಎರಡು ಓಟ ಓಡಿ, ಏದುಸಿರಿನಲ್ಲೇ ಎರಡು ಎಸೆಯಲಿ. ಹೀಗೆ ಹತ್ತು ಸುತ್ತು, ದಿನವೂ. ಚೆಂಡು ಹೆಕ್ಕಿ ಕೊಡಲು ಒಬ್ಬರು ಬೇಕಾಗುತ್ತದೆ. ಹಾಸ್ಟೆಲ್‌ನಲ್ಲಿ ಬೈದವರಲ್ಲೇ ಒಬ್ಬರು ಸಂಜೆ ಹೋಗಿ ನಿಲ್ಲಲಿ.