ತುಂಟ ನಾಯಿ ಇರೋ, ಯಾರು ಯಾರು ಅಂತ ಗೊತ್ತಾಗ್ದೆ ಎಡವಟ್ಟಾಗೋ ಫ್ಯಾಮಿಲಿ ಕಾಮಿಡಿ ಯಾವ್ದಿದೆ?

ಮಕ್ಕಳ ಜೊತೆ ಕೂತು ನೋಡೋಕೆ ಅಂತ ಕೇಳಿದೀರಲ್ಲ, ನನ್ನ ಓಟು ಕಣ್ಮುಚ್ಕೊಂಡು 'ದಿ ಶ್ಯಾಗಿ ಡಾಗ್'ಗೆ, ಅದೂ ಡಿಸ್ನಿಯವ್ರು 1959ರಲ್ಲಿ ಮಾಡಿದ್ದಕ್ಕೆ. ಬ್ಲಾಕ್ ಅಂಡ್ ವೈಟ್ ಸಿನಿಮಾ, ಮಕ್ಕಳು ಮೊದ್ಲು ಸ್ವಲ್ಪ ಮುಖ ಸಿಂಡರಿಸ್ಬೋದು, ನಾಯಿ ಬಂದ್ಮೇಲೆ ಕಲರ್ ನೆನಪೇ ಆಗಲ್ಲ.

ವಿಲ್ಬಿ ಅಂತ ಒಬ್ಬ ಹುಡುಗ, ಮ್ಯೂಸಿಯಂಗೆ ಹೋದಾಗ ಅಲ್ಲಿದ್ದ ಹಳೇ ಉಂಗುರ ಅವ್ನ ಪ್ಯಾಂಟಿನ ಮಡಿಕೆ ಒಳಗೆ ಬಿದ್ದು ಮನೆಗೆ ಬಂದ್ಬಿಡುತ್ತೆ, ಅದ್ರ ಮೇಲಿನ ಲ್ಯಾಟಿನ್ ಸಾಲು ಓದ್ತಾನೆ, ಅಷ್ಟೇ, ನೆರೆಮನೆಯವ್ರ ನಾಯಿ ಆಗ್ಬಿಡ್ತಾನೆ. ಓಲ್ಡ್ ಇಂಗ್ಲಿಷ್ ಶೀಪ್‌ಡಾಗ್, ಮೈತುಂಬಾ ಜೂಲು, ಕಣ್ಣೇ ಕಾಣಲ್ಲ. ಇನ್ನು ಅವ್ನ ಅಪ್ಪ ರಿಟೈರ್ಡ್ ಪೋಸ್ಟ್‌ಮ್ಯಾನ್, ಸರ್ವೀಸ್ ಪೂರ್ತಿ ನಾಯಿಗಳ ಕಾಟ ತಿಂದವ್ನು, ನಾಯಿ ಕಂಡ್ರೆ ಉರ್ದು ಬೀಳ್ತಾನೆ. ಈಗ ಯೋಚ್ನೆ ಮಾಡಿ, ಸ್ವಂತ ಮಗನ್ನೇ ಯಾವ್ದೋ ಹಾಳಾದ ನಾಯಿ ಮನೆಗೆ ನುಗ್ಗಿದೆ ಅಂತ ಅಟ್ಟಿಸ್ಕೊಂಡು ಬರ್ತಾನೆ, ಮಗ ಪಾಪ ಏನ್ ಮಾಡ್ಬೇಕು. ನಮಗೆ ಎಲ್ಲಾ ಗೊತ್ತು, ಅಪ್ಪನಿಗೆ ತುಂಬಾ ಹೊತ್ತು ಏನೂ ಗೊತ್ತಾಗಲ್ಲ, ಸಿನಿಮಾದ ನಗು ನಿಂತಿರೋದೇ ಇದ್ರ ಮೇಲೆ. ಫ್ರೆಡ್ ಮ್ಯಾಕ್‌ಮರೇ ಆ ಅಪ್ಪನ ಪಾತ್ರನ ಒಂಚೂರೂ ತಮಾಷೆ ಅನ್ಕೊಳ್ದೆ ಸೀರಿಯಸ್ಸಾಗಿ ಮಾಡಿದಾರೆ, ಅದಕ್ಕೇ ಅಷ್ಟು ನಗು ಬರೋದು.

ನಂಗೆ ತುಂಬಾ ಇಷ್ಟ ವಿಲ್ಬಿಯ ತಮ್ಮ ಮೂಚಿ. ಮೊದಮೊದ್ಲು ಮನೇಲಿ ವಿಷ್ಯ ಗೊತ್ತಿರೋದು ಅವ್ನೊಬ್ನಿಗೆ, ಅವ್ನಿಗೆ ಮೊದ್ಲಿಂದ್ಲೂ ನಾಯಿ ಬೇಕಿತ್ತು, ಹಾಗಾಗಿ ಅಣ್ಣ ನಾಯಿ ಆದ್ನಲ್ಲ ಅನ್ನೋ ಗಾಬರಿಗಿಂತ ಖುಷಿನೇ ಜಾಸ್ತಿ! ನಾಯಿ ಪೈಜಾಮ ಹಾಕ್ಕೊಂಡು ಹಲ್ಲುಜ್ಜೋ ಸೀನ್ ಒಂದಿದೆ, ಚಿಕ್ಕ ಮಕ್ಕಳು ಅದನ್ನ ರಿವೈಂಡ್ ಮಾಡಿ ಮಾಡಿ ನೋಡ್ತಾರೆ. ಮಧ್ಯ ಗೂಢಚಾರರ ಕಥೆನೂ ಬರುತ್ತೆ, ಅದು ಸ್ವಲ್ಪ ಎಳೀತು ಅನ್ಸುತ್ತೆ, ಆದ್ರೆ ಕೊನೇಲಿ ಅದೇ ಉಪಯೋಗಕ್ಕೆ ಬರೋದು, ಅವ್ರನ್ನ ಹಿಡಿದಿದ್ದಕ್ಕೆ ಹೊಗಳಿಕೆ ಎಲ್ಲಾ ಯಾರಿಗೆ ಹೋಗುತ್ತೆ ಅಂತ ನೋಡಿ, ಗುರುತಿನ ಗೊಂದಲ ಅಲ್ಲೂ ಬಿಡಲ್ಲ. ಮೂಲ ಕಥೆ ಫೆಲಿಕ್ಸ್ ಸಾಲ್ಟನ್ ಅವ್ರ ಕಾದಂಬರಿದು, 'ಬ್ಯಾಂಬಿ' ಬರೆದವ್ರೇ.

2006ರಲ್ಲಿ ಟಿಮ್ ಅಲೆನ್ ನಟಿಸಿರೋ ಅದೇ ಹೆಸರಿನ ಸಿನಿಮಾನೂ ಇದೆ, ಅದ್ರಲ್ಲಿ ನಾಯಿ ಆಗೋದು ಅಪ್ಪ. ಹೆಂಡ್ತಿ ಮಕ್ಕಳು ಇದು ಬರೀ ನಾಯಿ ಅಂದ್ಕೊಂಡು ಅವ್ನ ಎದುರಿಗೇ ಮನಸ್ಸಲ್ಲಿರೋದನ್ನ ಮಾತಾಡ್ಕೋತಾರೆ, ಆ ಭಾಗ ನಿಜವಾಗ್ಲೂ ಮನಸ್ಸಿಗೆ ತಟ್ಟುತ್ತೆ, ಆದ್ರೆ ಉಳಿದದ್ದು ಗ್ರಾಫಿಕ್ಸ್ ಗಲಾಟೆ ಜಾಸ್ತಿ. ಮಕ್ಕಳು ಸ್ವಲ್ಪ ದೊಡ್ಡವ್ರಾಗಿದ್ರೆ ಎರಡನ್ನೂ ತೋರಿಸಿ, ಚಿಕ್ಕವ್ರಾದ್ರೆ ಹಳೇದೊಂದು ಸಾಕು.