ಜಗಳ ಶುರುವಾಯಿತೆಂದು ಸಂಘದ ಕೆಲಸ ನಿಲ್ಲಿಸಬೇಕೇ?

ಓದುಗರ ಪ್ರಶ್ನೆ, ಅಕ್ಕನ ಉತ್ತರ

ಪ್ರಶ್ನೆ: ಅಕ್ಕಾ, ನಮ್ಮದು ಶಿರಸಿ ತಾಲೂಕಿನ ಒಂದು ಹಳ್ಳಿಯ ಸ್ವಸಹಾಯ ಸಂಘ. ಹನ್ನೆರಡು ಜನ ಇದ್ದೇವೆ. ಉಳಿತಾಯ, ಸಾಲ, ಮರುಪಾವತಿ ಎಲ್ಲ ಸರಿಯಾಗಿಯೇ ನಡೆದಿತ್ತು. ಈ ವರ್ಷ ಒಟ್ಟಾಗಿ ಹಲಸಿನಕಾಯಿ ಹಪ್ಪಳ ಮಾಡಿ ಮಾರೋಣ ಎಂದು ಹೊರಟೆವು. ಮೊದಲೆರಡು ವಾರ ನಗುನಗುತ್ತ ಮಾಡಿದೆವು. ಈಗ ದಿನಾ ತಕರಾರು. ಕೂಲಿ ಹೇಗೆ ಹಂಚುವುದು, ಯಾರ ಅಂಗಳದಲ್ಲಿ ಒಣಗಿಸುವುದು, ಖಾರ ಎಷ್ಟು ಹಾಕುವುದು, ಎಲ್ಲದಕ್ಕೂ ಮಾತಿಗೆ ಮಾತು. ಇಬ್ಬರು ಬರುವುದನ್ನೇ ಬಿಟ್ಟಿದ್ದಾರೆ. ನಾನು ಅಧ್ಯಕ್ಷೆ. ಸಂಘವೇ ಒಡೆಯುವ ಮೊದಲು ಹಪ್ಪಳದ ಕೆಲಸ ನಿಲ್ಲಿಸಿಬಿಡುವುದು ಒಳ್ಳೆಯದೇ?

ಉತ್ತರ: ನಿಲ್ಲಿಸಬೇಡಿ ತಂಗೀ. ಖಾರ ಇಷ್ಟೇ ಇರಬೇಕೆಂದು ಹಟ ಹಿಡಿಯುವ ಹೆಂಗಸಿಗೆ ಆ ಹಪ್ಪಳ ತನ್ನದು ಎಂಬ ಅಭಿಮಾನ ಹುಟ್ಟಿದೆ. ಮನಸ್ಸಿಲ್ಲದವರು ವಾದ ಮಾಡುವುದಿಲ್ಲ, ಹೇಳಿದಷ್ಟು ಮಾಡಿ ಮನೆಗೆ ಹೋಗುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಸಂಘದವರ ಜೊತೆ ಕೂತು ಲೆಕ್ಕ ಬರೆಸುವ ಕೆಲಸವನ್ನು ಬಹಳ ವರ್ಷ ಮಾಡಿದವಳು ನಾನು. ಮೊದಲ ತಕರಾರಿಗೇ ಹೆದರಿ ಕೆಲಸ ಕೈಬಿಟ್ಟ ಸಂಘಗಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಇನ್ನೊಂದೆರಡು ತಿಂಗಳು ತಾಳಿದ್ದರೆ ಅವುಗಳಲ್ಲಿ ಎಷ್ಟೋ ಸಂಘಗಳು ಗಟ್ಟಿಯಾಗಿ ನಿಲ್ಲುತ್ತಿದ್ದವು.

ಬ್ರೂಸ್ ಟಕ್‌ಮನ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು ಅಲ್ಲಿನ ನೌಕಾಪಡೆಯ ವೈದ್ಯಕೀಯ ಸಂಶೋಧನಾ ಸಂಸ್ಥೆಯಲ್ಲಿದ್ದಾಗ, ಸಣ್ಣ ಗುಂಪುಗಳ ಬಗ್ಗೆ ಬೇರೆಬೇರೆಯವರು ಬರೆದಿದ್ದ 50 ಲೇಖನಗಳನ್ನು ಒಟ್ಟಿಗಿಟ್ಟು ಓದಿದರು. 1965ರಲ್ಲಿ ಪ್ರಕಟವಾದ ಅವರ ಪ್ರಬಂಧ ನಾಲ್ಕು ಹಂತ ಹೇಳುತ್ತದೆ. ಮೊದಲು ಕೂಡುವುದು: ಎಲ್ಲರೂ ಸೌಮ್ಯ, ಎಲ್ಲರ ಕಣ್ಣೂ ಮುಂದಾಳಿನ ಮೇಲೆ. ಎರಡನೆಯದು ಗುದ್ದಾಟ: ಕೆಲಸ ಹೇಗಾಗಬೇಕು, ಯಾರ ಮಾತು ನಡೆಯಬೇಕು ಎಂಬ ತಿಕ್ಕಾಟ. ಮೂರನೆಯದು ಕಟ್ಟಳೆ: ನಮ್ಮಲ್ಲಿ ಹೀಗೆ ಎಂದು ಒಪ್ಪಿಕೊಳ್ಳುವುದು. ನಾಲ್ಕನೆಯದರಲ್ಲಿ ಯಾರೂ ಯಾರಿಗೂ ಹೇಳದೆ ಕೆಲಸ ಸಾಗುತ್ತದೆ. ಒಂದು ಮಾತು ನೆನಪಿರಲಿ. ಅವರು ಓದಿದ್ದರಲ್ಲಿ ಹೆಚ್ಚಿನವು ಮಾನಸಿಕ ಚಿಕಿತ್ಸೆಯ ಗುಂಪುಗಳು ಮತ್ತು ತರಬೇತಿ ಗುಂಪುಗಳು. ಹಪ್ಪಳ ಮಾಡುವವರನ್ನು ಅವರು ನೋಡಿರಲಿಲ್ಲ. ಆದ್ದರಿಂದ ಈ ನಾಲ್ಕು ಹಂತಗಳನ್ನು ಶಾಲೆಯ ತರಗತಿಗಳೆಂದು ತಿಳಿಯಬೇಡಿ. ಒಮ್ಮೆ ಪಾಸಾದರೆ ಮುಗಿಯಿತು ಎಂಬುದು ಇಲ್ಲಿಲ್ಲ. ಉಳಿತಾಯದ ಮಟ್ಟಿಗೆ ನಿಮ್ಮ ಸಂಘ ಎಂದೋ ನಾಲ್ಕನೆಯ ಹಂತ ಮುಟ್ಟಿತ್ತು. ಹೊಸ ಕೆಲಸ ಹಿಡಿದಿರಿ, ಮತ್ತೆ ಒಂದರಿಂದ ಶುರುವಾಯಿತು. ನೀವು ನಗುನಗುತ್ತ ಕಳೆದ ಆ ಎರಡು ವಾರವೇ ಮೊದಲ ಹಂತ.

ನಿಮ್ಮ ಗುಂಪು ಎಲ್ಲಿದೆ ಎಂದು ಖಚಿತವಾಗಿ ತಿಳಿಯಬೇಕಾದರೆ ಠರಾವು ಪುಸ್ತಕ ತೆಗೆದು ಓದಿ. ನಾನು ಯಾವ ಸಂಘಕ್ಕೆ ಹೋದರೂ ಮೊದಲು ನೋಡುತ್ತಿದ್ದುದು ಅದನ್ನೇ. ಹೊಸ ಗುಂಪಿನ ಪುಟಗಳಲ್ಲಿ ಎಲ್ಲವೂ ‘ಸರ್ವಾನುಮತದಿಂದ ಒಪ್ಪಲಾಯಿತು’. ಅಕ್ಷರ ಒಬ್ಬರದೇ, ಸಹಿಗಳು ಎಲ್ಲರವು, ಕೆಲವು ಸಹಿ ಸಭೆ ಮುಗಿದ ಮೇಲೆ ಮನೆಮನೆಗೆ ಹೋಗಿ ಹಾಕಿಸಿದ್ದು. ಗುದ್ದಾಟ ಶುರುವಾದ ಮೇಲೆ ಪುಟ ಬದಲಾಗುತ್ತದೆ. ‘ಈ ವಿಷಯ ಮುಂದಿನ ಸಭೆಗೆ’ ಎಂಬ ಸಾಲು ಪದೇಪದೇ ಬರುತ್ತದೆ, ಹೊಡೆದುಹಾಕಿದ ಸಾಲುಗಳು ಕಾಣುತ್ತವೆ, ಒಂದೆರಡು ಸಹಿ ಇರುವುದಿಲ್ಲ. ಕಟ್ಟಳೆಯ ಹಂತಕ್ಕೆ ಬಂದ ಗುಂಪಿನ ಪುಸ್ತಕದಲ್ಲಿ ಹೆಸರು, ತಾರೀಕು, ಮೊತ್ತ ಮೂರೂ ಇರುತ್ತವೆ: ಯಾರು, ಯಾವಾಗ, ಎಷ್ಟು. ಇನ್ನೊಂದು ಗುರುತು, ಮಾತು ಎಲ್ಲಿ ಆಗುತ್ತಿದೆ ಎಂಬುದು. ಸಭೆಯಲ್ಲಿ ಎದುರೆದುರು ಆದರೆ ಚಿಂತೆಯಿಲ್ಲ. ಸಭೆಯಲ್ಲಿ ಬಾಯಿ ಮುಚ್ಚಿಕೊಂಡು, ಮನೆಗೆ ಹೋಗುವ ದಾರಿಯಲ್ಲಿ ಇಬ್ಬಿಬ್ಬರೇ ಆಡಿಕೊಳ್ಳತೊಡಗಿದರೆ ಬೇಗ ಗಮನ ಕೊಡಬೇಕು.

ಇನ್ನು ನಿಮ್ಮ ಕೂಲಿಯ ವಿಷಯ. ಹಪ್ಪಳದ ಲೆಕ್ಕದ ಮೇಲೆ ಹಂಚುತ್ತಿದ್ದೀರಿ ಎಂದು ನನ್ನ ಊಹೆ. ಒತ್ತುವವಳಿಗೆ ಅದು ಸರಿ, ಅವಳ ಮುಂದೆ ಹಪ್ಪಳ ರಾಶಿ ಬೀಳುತ್ತದೆ. ಆದರೆ ಬೆಳಿಗ್ಗೆ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಕಾಯಿ ಕೊಚ್ಚಿ, ಮೇಣ ಒರೆಸಿ, ಸೊಳೆ ಬಿಡಿಸಿ, ಬೀಜ ತೆಗೆದು, ಬೇಯಿಸುವವರೆಗೂ ಒಲೆಯ ಮುಂದೆ ಬೆವರಿದವಳ ಹೆಸರಿನಲ್ಲಿ ಒಂದು ಹಪ್ಪಳವೂ ಇರುವುದಿಲ್ಲ. ಬರುವುದನ್ನು ಬಿಟ್ಟ ಇಬ್ಬರು ಯಾವ ಕೆಲಸ ಮಾಡುತ್ತಿದ್ದರು, ಒಮ್ಮೆ ಯೋಚಿಸಿ. ಸೊಳೆ ಬಿಡಿಸುವುದಕ್ಕೂ ಬೇಯಿಸುವುದಕ್ಕೂ ತಾಸಿನ ಲೆಕ್ಕ, ಒತ್ತುವುದಕ್ಕೆ ನೂರರ ಲೆಕ್ಕ ಇಡಿ. ಇಲ್ಲವಾದರೆ ವಾರಕ್ಕೊಮ್ಮೆ ಕೆಲಸ ಅದಲುಬದಲು ಮಾಡಿ. ಅಂಗಳ ಕೊಟ್ಟವರು ಕಾಗೆ, ಕೋಳಿ ಕಾಯಬೇಕು, ಮೇ ತಿಂಗಳ ಗುಡುಗು ಮಳೆ ಬಂದರೆ ಓಡಿಹೋಗಿ ಚಾಪೆ ಎತ್ತಬೇಕು. ಅದೂ ಕೆಲಸವೇ, ಅದಕ್ಕೂ ದುಡ್ಡು ಬರೆಯಿರಿ. ಖಾರಕ್ಕೆ ಒಂದು ದಿನ ಮೂರು ಹದದಲ್ಲಿ ಮಾಡಿ, ಕರಿದು, ಕೊಳ್ಳುವವರಿಗೇ ಕೊಟ್ಟು ನೋಡಿ. ಅವರು ಆರಿಸಿದ ಅಳತೆಯನ್ನು ಗೋಡೆಯ ಮೇಲೆ ಬರೆದಿಟ್ಟರೆ ಆ ವಾದ ಅಲ್ಲಿಗೆ ಮುಗಿಯುತ್ತದೆ.

ಆ ಇಬ್ಬರ ಮನೆಗೆ ಅಧ್ಯಕ್ಷೆಯಾದ ನೀವೇ ಹೋಗಬೇಕು. ‘ವಾಪಸ್ ಬನ್ನಿ’ ಎಂದು ಶುರು ಮಾಡಬೇಡಿ. ‘ಯಾವ ಲೆಕ್ಕ ನಿಮಗೆ ಸರಿ ಕಾಣಲಿಲ್ಲ?’ ಎಂದು ಕೇಳಿ, ಅವರು ಹೇಳಿದ್ದನ್ನು ಅವರೆದುರಿಗೇ ಬರೆದುಕೊಳ್ಳಿ. ಹಾಗೆಯೇ, ಹನ್ನೆರಡು ಜನವೂ ಹಪ್ಪಳಕ್ಕೆ ಬರಲೇಬೇಕೆಂದಿಲ್ಲ. 1980ರ ದಶಕದಲ್ಲಿ ನಮ್ಮ ರಾಜ್ಯದಲ್ಲೇ, ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಕಡೆ ದೊಡ್ಡ ಸಹಕಾರ ಸಂಘಗಳು ಮುರಿದುಬಿದ್ದಾಗ, ಒಬ್ಬರನ್ನೊಬ್ಬರು ನಂಬುವ ಜನ ತಾವಾಗಿಯೇ ಸಣ್ಣಸಣ್ಣ ಗುಂಪಾದರು. ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಹೊರಟದ್ದರ ಹಿಂದೆ ಇಂಥ ಗುಂಪುಗಳ ಅನುಭವವೂ ಇತ್ತು. ಉಳಿತಾಯಕ್ಕೆ ಹನ್ನೆರಡು ಜನ ಇರಲಿ, ಹಪ್ಪಳಕ್ಕೆ ಮನಸ್ಸಿದ್ದ ಏಳೆಂಟು ಜನ ಸಾಕು. ಎರಡರ ಲೆಕ್ಕದ ಪುಸ್ತಕ ಮಾತ್ರ ಬೇರೆಬೇರೆ ಇರಲಿ.

ಪ್ರಶ್ನೆ: ಅಕ್ಕೋರೆ, ಕಾರವಾರದ ಬೈತಖೋಲ ಬಂದರಿನಲ್ಲಿ ನನ್ನದೊಂದು ಟ್ರಾಲ್ ಬೋಟಿದೆ. ಪ್ರತಿ ವರ್ಷ ಆಗಸ್ಟಿಗೆ ಹೊಸ ಕಲಾಸಿಗಳು, ಅಂದರೆ ಬೋಟಿನ ಕೆಲಸದವರು. ಅರ್ಧ ಜನ ನಮ್ಮ ಕಡೆಯವರು, ಅರ್ಧ ಜನ ಒಡಿಶಾ, ಜಾರ್ಖಂಡದವರು. ಜಗಳ ಎಂಬುದೇ ಇಲ್ಲ, ಬೋಟು ನಡೆಸುವ ತಾಂಡೇಲ ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ. ಆದರೂ ಬಲೆ ಎಳೆಯುವಾಗ ಏನಾದರೊಂದು ಎಡವಟ್ಟು. ಜಗಳವಿಲ್ಲದ ತಂಡದಲ್ಲಿ ಕೆಲಸ ಯಾಕೆ ಕೂಡಿಬರುವುದಿಲ್ಲ?

ಉತ್ತರ: ನಿಮ್ಮವರು ಇನ್ನೂ ಮೊದಲ ಹಂತದಲ್ಲೇ ಇದ್ದಾರೆ. ಮೇಲಿನ ಹಪ್ಪಳದ ಸಂಘಕ್ಕಿಂತ ನಿಮ್ಮ ಬೋಟಿನ ಬಗ್ಗೆಯೇ ನನಗೆ ಹೆಚ್ಚು ಆತಂಕ. ಹಗ್ಗ ಸವೆದದ್ದನ್ನು ಕಂಡವನು ಅದನ್ನು ಬಾಯಿಬಿಟ್ಟು ಹೇಳದಿದ್ದರೆ ಸಮುದ್ರದಲ್ಲಿ ಜೀವಕ್ಕೇ ಕುತ್ತು. ಊಟಕ್ಕೆ ಕೂತಾಗ ನೋಡಿ: ನಮ್ಮ ಕಡೆಯವರು ಒಂದು ಮೂಲೆ, ಹೊರಗಿನವರು ಇನ್ನೊಂದು ಮೂಲೆ ಆಗಿದ್ದರೆ, ಭಾಷೆ ಬಾರದವನು ಕೆಲಸವನ್ನು ಪಕ್ಕದವನ ಕೈ ನೋಡಿಯೇ ಮಾಡುತ್ತಿದ್ದರೆ, ಆ ಹೂಂ ಬಂದದ್ದು ಹೆದರಿಕೆಯಿಂದ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. ಹೊರಗಿನವರು ಊರಿಗೆ ಹೋಗುತ್ತಾರೆ, ಬೋಟು ಹೊರಡುವ ಹಿಂದಿನ ದಿನ ಬಂದಿಳಿಯುತ್ತಾರೆ. ಮುಂದಿನ ವರ್ಷ ಅವರನ್ನು ಜುಲೈ ಕೊನೆಯ ವಾರದಲ್ಲೇ ಕರೆಸಿ, ಆ ದಿನಗಳ ಪಗಾರವನ್ನೂ ಊಟವನ್ನೂ ಕೊಡಿ. ನಮ್ಮವನೊಬ್ಬ, ಹೊರಗಿನವನೊಬ್ಬ ಜೋಡಿಯಾಗಿ ಕೂತು ಬಲೆ ರಿಪೇರಿ ಮಾಡಲಿ. ಬಲೆ, ಹಗ್ಗ, ಮಶೀನಿಗೆ ಸಂಬಂಧಿಸಿದ ಹತ್ತಿಪ್ಪತ್ತು ಮಾತು ಎಲ್ಲರಿಗೂ ಒಂದೇ ಆಗಲಿ, ‘ನಿಲ್ಲಿಸು’ ಎಂಬುದಕ್ಕೆ ಕೈಸನ್ನೆ ಒಂದೇ ಇರಲಿ.

ಈ ವರ್ಷಕ್ಕೆ ಒಂದು ಕೆಲಸ ಮಾಡಿ. ಬೋಟು ದಡಕ್ಕೆ ಬಂದು ಮೀನು ಇಳಿಸಿದ ಮೇಲೆ ಚಾ ಕುಡಿಯುವಾಗ ತಾಂಡೇಲ ಒಂದೇ ಪ್ರಶ್ನೆ ಕೇಳಲಿ: ಈ ಸಲ ಎಲ್ಲಿ ತಪ್ಪಿತು? ಎಲ್ಲರಿಗಿಂತ ಹೊಸಬನಿಂದ ಶುರುವಾಗಲಿ, ತಾಂಡೇಲ ಕೊನೆಗೆ ಮಾತಾಡಲಿ. ಮೊದಮೊದಲು ಯಾರೂ ಬಾಯಿ ಬಿಡುವುದಿಲ್ಲ. ಒಬ್ಬ ಹೇಳಿದ್ದನ್ನು ನೀವು ಮರುದಿನವೇ ಸರಿಮಾಡಿಸಿದರೆ ಉಳಿದವರೂ ಹೇಳುತ್ತಾರೆ, ಆಗ ವಾದವೂ ಬರುತ್ತದೆ. ಬರಲಿ ಬಿಡಿ. ನೀರಿನ ಮೇಲೆ ಮಾತ್ರ ತಾಂಡೇಲನ ಮಾತೇ ಕೊನೆ, ವಾದವೆಲ್ಲ ದಡದಲ್ಲಿ ಎಂಬುದನ್ನು ಮೊದಲ ದಿನವೇ ಎಲ್ಲರಿಗೂ ತಿಳಿಸಿಬಿಡಿ.

ಪ್ರಶ್ನೆ: ನಾನು ಕುಮಟಾದ ಉಪನ್ಯಾಸಕ. ಕಾಲೇಜಿನ ಒಂದು ವರದಿ ತಯಾರಿಸಲು ಎಂಟು ವಾರದ ಗಡುವು ಕೊಟ್ಟು ಆರು ಜನರ ಸಮಿತಿ ಮಾಡಿದ್ದಾರೆ. ನಾಲ್ಕನೆಯ ವಾರ ನಡೆಯುತ್ತಿದೆ. ಜಗಳವೂ ಇಲ್ಲ, ಕೆಲಸವೂ ಇಲ್ಲ. ನಾವು ಯಾವ ಹಂತದಲ್ಲಿದ್ದೇವೆ ಮೇಡಂ?

ಉತ್ತರ: ಗಡುವಿರುವ ತಂಡಕ್ಕೆ ನಾಲ್ಕು ಹಂತದ ಲೆಕ್ಕ ಅಷ್ಟಾಗಿ ಹೊಂದುವುದಿಲ್ಲ ಸರ್. ಕಾನಿ ಗರ್ಸಿಕ್ ಎಂಬ ಸಂಶೋಧಕಿ ಎಂಟು ತಂಡಗಳನ್ನು ಮೊದಲ ಸಭೆಯಿಂದ ಕೊನೆಯವರೆಗೆ ಗಮನಿಸಿ 1988ರಲ್ಲಿ ಬರೆದರು. ಒಂದು ತಂಡಕ್ಕೆ ಒಂದೇ ವಾರ ಇತ್ತು, ಇನ್ನೊಂದಕ್ಕೆ ಆರು ತಿಂಗಳು. ಮೊದಲ ಸಭೆಯಲ್ಲಿ ಹಿಡಿದ ದಾರಿಯಲ್ಲೇ ಎಲ್ಲವೂ ಅರ್ಧ ಅವಧಿ ಕಳೆದವು. ಸರಿಸುಮಾರು ನಡುವಿಗೆ ಬಂದಾಗ ಹಳೆಯದನ್ನು ಬಿಟ್ಟು ಹೊಸ ದಾರಿ ಹಿಡಿದವು. ನೀವೀಗ ಆ ನಡುವಿನಲ್ಲೇ ಇದ್ದೀರಿ, ಈ ವಾರವನ್ನು ಕಳೆದುಕೊಳ್ಳಬೇಡಿ.

ಶನಿವಾರದೊಳಗೆ ಆರೂ ಜನ ಕೂತು, ಗಡುವಿನ ತಾರೀಕನ್ನು ಬೋರ್ಡಿನ ಮೇಲೆ ಬರೆದು, ಯಾವ ಅಧ್ಯಾಯ ಯಾರದು, ಯಾವುದನ್ನು ಕೈಬಿಡಬಹುದು ಎಂದು ತೀರ್ಮಾನಿಸಿ. ಪ್ರಾಚಾರ್ಯರನ್ನೋ ಅನುಭವವಿರುವ ಹೊರಗಿನವರನ್ನೋ ಅರ್ಧ ತಾಸು ಕರೆಯಿರಿ. ಗರ್ಸಿಕ್ ಕಂಡ ತಂಡಗಳಿಗೂ ಆ ಹೊತ್ತಿನಲ್ಲಿ ಹೊರಗಿನವರ ಮಾತು ನೆರವಾಗಿತ್ತು. ಟಕ್‌ಮನ್ ಕೂಡ 1977ರಲ್ಲಿ ಮೇರಿ ಆನ್ ಜೆನ್ಸನ್ ಜೊತೆಗೂಡಿ ತಮ್ಮ ನಾಲ್ಕು ಹಂತಗಳಿಗೆ ಐದನೆಯದನ್ನು, ಅಂದರೆ ತಂಡ ಕೆಲಸ ಮುಗಿಸಿ ಚದುರುವುದನ್ನು ಸೇರಿಸಿದರು. ನಮ್ಮ ಸಮಿತಿಗಳು ಮರೆಯುವುದು ಇದನ್ನೇ. ವರದಿ ಸಲ್ಲಿಸಿದ ಮರುದಿನದಿಂದ ಕಡತ ಯಾರ ಬಳಿ ಇದೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಕಡತಗಳನ್ನು, ಕಂಪ್ಯೂಟರಿನಲ್ಲಿರುವ ಪ್ರತಿಗಳನ್ನು ಯಾರು ಯಾರಿಗೆ ಒಪ್ಪಿಸಬೇಕು ಎಂಬುದನ್ನೂ ಇದೇ ಸಭೆಯಲ್ಲಿ ಬರೆದು, ಆರೂ ಜನ ಸಹಿ ಹಾಕಿ.