ಸೆರಗಿನ ತೆನೆ, ಕಾಣದ ಕಡಲು

ಇಳಕಲ್ಲಿನ ಓದುಗ ಸಹೋದರಿಗೆ ಶರಣು.

ನಿಮ್ಮ ಪತ್ರ ಬಂದು ಹದಿನೈದು ದಿನಗಳಾದವು. ನೀವು ಕಳುಹಿಸಿದ್ದ ಎರಡು ಕವಿತೆಗಳನ್ನು ನಾವು ಹಿಂದಿರುಗಿಸಿದ್ದರಿಂದ ನಿಮಗಾದ ಬೇಸರವನ್ನು ನೀವು ಮುಚ್ಚಿಟ್ಟಿಲ್ಲ. ಮುಚ್ಚಿಡಬೇಕಾದ ಅಗತ್ಯವೂ ಇರಲಿಲ್ಲ. “ನಾನು ಸಮುದ್ರ ನೋಡಿದವಳಲ್ಲ, ಮಲೆನಾಡಿನ ಮಳೆ ನೋಡಿದವಳಲ್ಲ. ಬೆಳಗಾದರೆ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವುದು, ರೊಟ್ಟಿ ಬಡಿಯುವುದು, ಹೊರಗೆ ಬಿಸಿಲು. ಇದರಲ್ಲಿ ಕವಿತೆಗೆ ಬೇಕಾದ ಬೆರಗು ಎಲ್ಲಿದೆ? ಕಲ್ಪನೆ ಮಾಡಿಕೊಂಡು ಹಿಮದ ಮೇಲೆ ಬರೆದರೆ ಅದನ್ನೂ ನೀವು ಒಪ್ಪುವುದಿಲ್ಲ” ಎಂದು ಬರೆದಿದ್ದೀರಿ. ವಿಜಯಪುರದ ನಮ್ಮ ಪತ್ರಿಕೆಯ ಕಚೇರಿಗೆ ಹೊಸಬರು ಬರೆಯುವ ಪತ್ರಗಳಲ್ಲಿ ಈ ಮಾತು ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಬರುತ್ತಿರುವುದರಿಂದ, ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಕಡೆಯ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ನಿಮ್ಮ ಪತ್ರ ಓದಿದ ಮೇಲೆ ಹಳೆಯ ಸಂಚಿಕೆಗಳನ್ನು ತೆಗೆದು ನೋಡಿದೆ. ನಾವು ಅಚ್ಚು ಹಾಕಿದ ಕವಿತೆಗಳಲ್ಲಿ ಕಡಲು, ಕಾಡು, ಮಂಜು, ಜಡಿಮಳೆ ಬಹಳ ಸಲ ಬಂದಿವೆ. ನಮ್ಮ ಸುತ್ತಲಿನ ಕಪ್ಪು ಮಣ್ಣಿನ ಎರೆ ಹೊಲ ಅಪರೂಪಕ್ಕೆ ಬಂದಿದೆ. ಕವಿತೆ ಎಂದರೆ ಹಸಿರು ಇರುವ ಕಡೆಯ ಬೆಳೆ ಎಂಬ ಭಾವನೆ ನಿಮ್ಮಲ್ಲಿ ಮೂಡಿದ್ದರೆ, ಅದರಲ್ಲಿ ನನ್ನ ಆಯ್ಕೆಯ ಪಾಲೂ ಇದೆ.

ಆದರೂ ನಿಮ್ಮ ದಿನದಲ್ಲಿ ಬೆರಗಿಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ. ನೀವು ಬಡಿಯುವ ರೊಟ್ಟಿಯನ್ನೇ ತೆಗೆದುಕೊಳ್ಳಿ. ಜೋಳದ ತವರು ಆಫ್ರಿಕಾ. ಅದು ಸಾವಿರಾರು ವರ್ಷಗಳ ಹಿಂದೆ ಅಲ್ಲಿಂದ ಹೊರಟು ಈ ನೆಲಕ್ಕೆ ಬಂದು ನಮ್ಮದಾಯಿತು. ರೊಟ್ಟಿಯ ಜೊತೆಗಿನ ಖಾರವೂ ಶೇಂಗಾ ಹಿಂಡಿಯೂ ಅಮೆರಿಕ ಖಂಡದ ಗಿಡಗಳಿಂದ ಆದವು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬರುವವರೆಗೆ ನಮ್ಮ ಹಿರಿಯರ ಅಡಿಗೆಗೆ ಕರಿಮೆಣಸಿನ ಖಾರವೇ ಆಧಾರವಾಗಿತ್ತು. ನೀವು ದೂರದ ದೇಶಗಳನ್ನು ಹುಡುಕುತ್ತಿದ್ದೀರಿ, ಅವು ದಿನಕ್ಕೆ ಎರಡು ಹೊತ್ತು ನಿಮ್ಮ ಗಂಗಾಳಕ್ಕೆ ಬಂದು ಹೋಗುತ್ತಿವೆ. ಹಿಂಗಾರಿ ಜೋಳದ ಸಂಗತಿ ಇದಕ್ಕಿಂತ ದೊಡ್ಡದು. ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತಿದ ಮೇಲೆ ಅದರ ತಲೆಯ ಮೇಲೆ ಮಳೆ ಬೀಳುವುದೇ ಕಡಿಮೆ. ಎರೆ ಮಣ್ಣು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಂಡ ತೇವವನ್ನೇ ಉಂಡು ಅದು ಆಳೆತ್ತರ ಬೆಳೆದು ತೆನೆ ಹಾಯುತ್ತದೆ. ಬೇಸಿಗೆಯಲ್ಲಿ ಮೊಣಕೈವರೆಗೆ ಕೈ ಹೋಗುವಂತೆ ಬಿರಿಯುವುದೂ ಅದೇ ಮಣ್ಣು. ಸೀಗಿಹುಣ್ಣಿಮೆಯ ದಿನ ಹೊಲವನ್ನು ಬಸುರಿಯೆಂದು ತಿಳಿದು ಬಯಕೆಯೂಟ ಬಡಿಸುವ ರೂಢಿಯನ್ನು ಮೊದಲು ಹಾಕಿಕೊಟ್ಟವರು ಯಾರೋ, ಅವರು ಈ ಮಣ್ಣನ್ನು ಮುಟ್ಟಿ ನೋಡಿ ಬಲ್ಲವರಾಗಿರಬೇಕು.

ದಿನದ ಕೆಲಸದ ಸಾಮಾನನ್ನು ಕವಿತೆಗೆ ತಂದವರು ನಮ್ಮಲ್ಲಿ ಹಿಂದಿನಿಂದಲೂ ಇದ್ದಾರೆ. ಹನ್ನೆರಡನೆಯ ಶತಮಾನದ ಕದಿರ ರೆಮ್ಮವ್ವೆ ನೂಲುವ ಕಾಯಕದವಳು. ತಾನು ತಿರುಹುವ ರಾಟೆಯ ಕುಲಜಾತಿಯನ್ನು ಕೇಳಿರಣ್ಣಾ ಎಂದು ಅವಳು ತನ್ನ ವಚನವನ್ನು ಆರಂಭಿಸುತ್ತಾಳೆ. ಅಡಿಯ ಹಲಗೆ ಬ್ರಹ್ಮ, ತೋರಣ ವಿಷ್ಣು, ನಿಂತ ಬೊಂಬೆ ಮಹಾರುದ್ರ ಎನ್ನುತ್ತಾಳೆ. ಅವಳು ರಾಟೆಯನ್ನು ಬಿಟ್ಟು ಕೈಲಾಸಕ್ಕೆ ಹೋಗಲಿಲ್ಲ ಎಂಬುದನ್ನು ಗಮನಿಸಬೇಕು. ಹಲಗೆ ಯಾವುದು, ತೋರಣ ಯಾವುದು, ಬೊಂಬೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕೈಯಾರೆ ಬಲ್ಲವಳಾದ್ದರಿಂದಲೇ ಅವಳ ಕೈಯಲ್ಲಿ ದೇವರುಗಳು ಸರಿಯಾದ ಜಾಗದಲ್ಲಿ ಕೂತರು. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರ ಹೊತ್ತಿಗೆ ಕೊರೆದ ಕಪ್ಪೆ ಅರಭಟ್ಟನ ಶಾಸನದಲ್ಲಿ ಇರುವ ತ್ರಿಪದಿಯೇ ನಮ್ಮ ಅಜ್ಜಿಯರು ಬೀಸುಕಲ್ಲಿನ ಮುಂದೆ ಕೂತು ಹಾಡಿದ ಪದಗಳ ಮಟ್ಟು. ವೀರನ ಹೊಗಳಿಕೆಗೆ ಒದಗಿದ ಛಂದಸ್ಸು ಹಿಟ್ಟು ಬೀಸುವುದಕ್ಕೂ ಒದಗಿತು.

ಈಗ ನಿಮ್ಮ ಮನೆಯ ಮಗ್ಗಕ್ಕೇ ಬರುತ್ತೇನೆ. ಇಳಕಲ್ ಸೀರೆಯ ಸೆರಗನ್ನು ಬಿಡಿಸಿ ಬೆಳಕಿಗೆ ಹಿಡಿದು ನೋಡಿ. ಕೆಂಪು ಪಟ್ಟಿಗಳು, ಅವುಗಳ ನಡುವೆ ಬಿಳಿ ಪಟ್ಟಿಗಳು. ಅಂಚಿನಲ್ಲಿ ಕೆಂಪು ಬಣ್ಣ ಬಿಳಿಯೊಳಗೆ ಹಲ್ಲುಹಲ್ಲಾಗಿ ಇಳಿಯುತ್ತದೆ. ಆ ಹಲ್ಲುಗಳಲ್ಲಿ ನೇಕಾರರು ಹಣಿಗೆಯನ್ನು ಕಂಡಿದ್ದಾರೆ, ಕೋಟೆಯನ್ನು ಕಂಡಿದ್ದಾರೆ, ಗುಡ್ಡದ ಸಾಲನ್ನು ಕಂಡಿದ್ದಾರೆ, ಜೋಳದ ತೆನೆಯನ್ನು ಕಂಡು ತೋಪು ತೆನೆ ಎಂದು ಕರೆದಿದ್ದಾರೆ. ತೆನೆ ಎಂಬ ಮಾತಿಗೆ ಹಳೆಯ ಕಾವ್ಯಗಳಲ್ಲಿ ಕೋಟೆಗೋಡೆಯ ಹಲ್ಲುಹಲ್ಲಾದ ಮೇಲಂಚು ಎಂಬ ಅರ್ಥವೂ ಇದೆ. ಹೊಲದ ಬೆಳೆ, ಅರಸರ ಕೋಟೆ ಎರಡೂ ಒಂದೇ ಮಾತಿನಲ್ಲಿ ಸೇರಿ ಒಬ್ಬ ಹೆಣ್ಣುಮಗಳ ಹೆಗಲ ಮೇಲೆ ಇಳಿದಿವೆ. ಈ ಸಂಗತಿ ನನಗೆ ತಿಳಿದ ದಿನ ನಾನು ಬಹಳ ಹೊತ್ತು ಬೇರೆ ಕೆಲಸ ಮಾಡಲಾಗಲಿಲ್ಲ. ನೀವಾದರೋ ಆ ಸೆರಗಿನ ಎಳೆಯನ್ನು ದಿನವೂ ಬೆರಳಲ್ಲಿ ಆಡಿಸುವವರು.

ನಿಮ್ಮ ಎರಡನೆಯ ಪ್ರಶ್ನೆ ಹೆಚ್ಚು ಕಠಿಣವಾದದ್ದು: ಕಾಣದ್ದನ್ನು ಬರೆಯಬಾರದೇ? ಖಂಡಿತ ಬರೆಯಬಹುದು. ಇದಕ್ಕೂ ನಿಮ್ಮ ಮಗ್ಗದಲ್ಲೇ ಒಂದು ಮಾತಿದೆ. ಸೀರೆಯ ಒಡಲಿನ ಹಾಸು, ಎಂದರೆ ಉದ್ದಕ್ಕೆ ಹಿಡಿದ ಎಳೆಗಳು, ಬೇರೆ; ಸೆರಗಿನ ರೇಷ್ಮೆಯ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಒಂದಕ್ಕೊಂದು ಸಿಕ್ಕಿಸಿ ಕೊಂಡಿ ಹಾಕಿದ ಮೇಲೆಯೇ ನೇಯ್ಗೆ ಮುಂದುವರಿಯುತ್ತದೆ. ಕವಿತೆಯಲ್ಲಿ ಕಂಡದ್ದು ಒಡಲು, ಕಲ್ಪನೆ ಸೆರಗು. ನಿಮ್ಮ ಹಿಮದ ಕವಿತೆಯಲ್ಲಿ ಸೆರಗು ಚೆನ್ನಾಗಿದೆ, ಪದಗಳು ನುಣುಪಾಗಿವೆ. ಆದರೆ ಹಿಮ ಎಲ್ಲಿಯೂ ನಿಮ್ಮ ಮೈಯನ್ನು ಮುಟ್ಟುವುದಿಲ್ಲ, ನಿಮಗೆ ಗೊತ್ತಿರುವ ಯಾವ ತಂಪಿಗೂ ಯಾವ ಬಿಳುಪಿಗೂ ಅದು ಸಿಕ್ಕಿಕೊಳ್ಳುವುದಿಲ್ಲ. ನಮ್ಮ ಆಡುಮಾತಿನಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವರು ಎಂಬ ಅರ್ಥವೂ ಇದೆಯಲ್ಲ, ಆ ಅರ್ಥದಲ್ಲಿ ಕವಿತೆ ಪರದೇಶಿಯಾಗಿ ನಿಂತಿದೆ. ಹಿಂದಿರುಗಿಸಲು ಕಾರಣ ಇದು, ಹಿಮವಲ್ಲ.

ಬಾದಾಮಿಗೆ ಹೋದಾಗ ಮೂರನೆಯ ಗುಹೆಯ ವರಾಹನ ಮುಂದೆ ಸ್ವಲ್ಪ ಹೊತ್ತು ನಿಲ್ಲಿರಿ. ಅದು ಚಾಲುಕ್ಯ ಅರಸ ಕೀರ್ತಿವರ್ಮನ ಕಾಲದಲ್ಲಿ, 578ರಲ್ಲಿ, ಅವನ ತಮ್ಮ ಮಂಗಲೇಶ ಮಾಡಿಸಿದ ಗುಹೆ. ಕಡಲು ಅಲ್ಲಿಂದ ಬಹು ದೂರ; ಕಡಲೊಳಗಿಂದ ಭೂದೇವಿಯನ್ನು ಎತ್ತಿ ತಂದ ದೇವರನ್ನಂತೂ ಯಾರೂ ಕಂಡಿಲ್ಲ. ಆದರೆ ಹಂದಿಯ ಮುಸುಡಿಯನ್ನು ಶಿಲ್ಪಿ ಚೆನ್ನಾಗಿ ನೋಡಿದ್ದಾನೆ, ಕೊಂಡಿ ಅಲ್ಲಿ ಬಿದ್ದಿದೆ. ಅವನು ಕೆತ್ತಿದ ಮರಳುಗಲ್ಲು ಕೂಡ ಕೋಟ್ಯಂತರ ವರ್ಷಗಳ ಹಿಂದೆ ನೀರು ತಂದು ಪದರು ಪದರಾಗಿ ಇಳಿಸಿದ ಮರಳು. ಆ ಭಾಗದ ಕೆಲವು ಬಂಡೆಗಳ ಮೇಲೆ ಅಲೆಯ ಗೆರೆಗಳು ಇಂದಿಗೂ ಹಾಗೆಯೇ ಉಳಿದಿವೆ. ಸಮುದ್ರ ನೋಡಿಲ್ಲ ಎಂದು ಕೊರಗುವ ಮೊದಲು ಆ ಗೆರೆಗಳ ಮೇಲೆ ಕೈಯಾಡಿಸಿ ಬನ್ನಿ.

ನಿಮ್ಮ ಪತ್ರದ ಕೊನೆಯಲ್ಲಿ, ಸಹಿಯ ಕೆಳಗೆ, ಒಂದು ಸಾಲು ಇತ್ತು: “ಕರೆಂಟ್ ಹೋದರೂ ನಮ್ಮ ಅತ್ತೆ ಮಗ್ಗ ಬಿಟ್ಟು ಏಳುವುದಿಲ್ಲ, ಕತ್ತಲಲ್ಲೂ ಎಳೆ ಹರಿದದ್ದು ಅವರಿಗೆ ತಿಳಿಯುತ್ತದೆ.” ಇದು ಇನ್ನೂ ಕವಿತೆಯಾಗಿಲ್ಲ, ಸುದ್ದಿಯಾಗಿದೆ. ಆದರೆ ನೀವು ಕಳುಹಿಸಿದ ಎರಡು ಕವಿತೆಗಳಲ್ಲಿ ಇಲ್ಲದ ಜೀವ ಈ ಸಾಲಿನಲ್ಲಿದೆ. ಅವರಿಗೆ ಹೇಗೆ ತಿಳಿಯುತ್ತದೆ? ಸದ್ದು ಬದಲಾಗುತ್ತದೆಯೇ, ಲಾಳಿ ತಡವರಿಸುತ್ತದೆಯೇ, ಕಾಲಿಗೆ ತಿಳಿಯುತ್ತದೆಯೇ, ಕೈಗೆ ತಿಳಿಯುತ್ತದೆಯೇ? ಅವರನ್ನೇ ಕೇಳಿ, ಅವರು ಆಡಿದ ಮಾತಿನಲ್ಲೇ ಬರೆದು ಕಳುಹಿಸಿ. ಗ್ರಂಥಸ್ಥ ಭಾಷೆಗೆ ತಿದ್ದುವ ಗೋಜಿಗೆ ಹೋಗಬೇಡಿ.

ಹಿಮದ ಕವಿತೆಯನ್ನು ಹರಿದು ಹಾಕಬೇಡಿ. ಅದರ ಮೂರನೆಯ ಸಾಲಿನಲ್ಲಿ ಹಿಮವನ್ನು ಮಲ್ಲಿಗೆಗೆ ಹೋಲಿಸಿದ್ದೀರಿ. ಆ ಹೋಲಿಕೆ ಬಹಳ ಕೈಗಳನ್ನು ದಾಟಿ ಬಂದದ್ದು. ಹತ್ತಿ ಬಿಡಿಸುವ ದಿನಗಳಲ್ಲಿ ತುಂಬಿದ ಟ್ರ್ಯಾಕ್ಟರ್ ಹೋದ ಮೇಲೆ ರಸ್ತೆಯ ಬದಿಯ ಜಾಲಿಯ ಮುಳ್ಳುಗಳಲ್ಲಿ ಅರಳೆ ಸಿಕ್ಕಿಕೊಂಡು ಗಾಳಿಗೆ ಅಲುಗಾಡುತ್ತದಲ್ಲ, ಒಂದು ಸಂಜೆ ಅದರ ಹತ್ತಿರ ನಿಂತು ನೋಡಿ, ಆ ಸಾಲನ್ನು ಮತ್ತೊಮ್ಮೆ ಬರೆಯಿರಿ. ಎರಡೂ ಕವಿತೆಗಳನ್ನು ನನ್ನ ಹೆಸರಿಗೇ ಕಳುಹಿಸಿ. ಬಂದ ದಿನವೇ ಓದುತ್ತೇನೆ.

— ಸಂಪಾದಕ